‘ರಿಸ್ಕ್’ ಪದದ ಪೂರ್ವಾಪರ: ಜಿನೋವಾದ ಕರಾರು, ಐಹೊಳೆಯ ವರ್ತಕರು

ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರು ಹುಬ್ಬಳ್ಳಿಗೋ ಸೊಲ್ಲಾಪುರಕ್ಕೋ ಒಂದು ಮೂಟೆ ಮಾಲನ್ನು ಲಾರಿಯ ಮೂಲಕ ಕಳುಹಿಸುತ್ತಾರೆ ಎಂದಿಟ್ಟುಕೊಳ್ಳೋಣ. ಸಾಗಣೆದಾರರು ಕೊಡುವ ರಸೀದಿಯ ಒಂದು ಮೂಲೆಯಲ್ಲಿ ‘ಓನರ್ಸ್ ರಿಸ್ಕ್’ ಎಂಬ ಎರಡು ಪದಗಳು ಅನೇಕ ವೇಳೆ ಅಚ್ಚಾಗಿರುತ್ತವೆ. ವ್ಯಾಪಾರಿಯು ಅದನ್ನು ಓದದೆ ರಸೀದಿಯನ್ನು ಫೈಲಿಗೆ ಸೇರಿಸುತ್ತಾರೆ. ಮೂಟೆ ಮಳೆಯಲ್ಲಿ ತೊಯ್ದು ಬಣ್ಣ ಬಿಟ್ಟು ತಲುಪಿದ ದಿನ ಮಾತ್ರ ಆ ಎರಡು ಪದಗಳು ನೆನಪಾಗುತ್ತವೆ. ಆಗ ಕಳುಹಿಸಿದವರು, ಸಾಗಿಸಿದವರು, ಕೊಂಡವರು ಮೂವರೂ ಕೇಳುವ ಪ್ರಶ್ನೆ ಒಂದೇ: ಈ ನಷ್ಟ ಯಾರದು?

‘ರಿಸ್ಕ್’ ಎಂದರೆ ಅಪಾಯವೆಂದು ಸಾಮಾನ್ಯವಾಗಿ ಅರ್ಥೈಸಲಾಗುತ್ತದೆ. ಆದರೆ ಈ ಪದದ ಇತಿಹಾಸವನ್ನು ಪರಿಶೀಲಿಸಿದರೆ ಬೇರೊಂದು ಸಂಗತಿ ತಿಳಿದುಬರುತ್ತದೆ. ಪದವು ಮೊದಲು ದಾಖಲೆಗೆ ಬಂದದ್ದು ಮೇಲಿನ ಪ್ರಶ್ನೆಗೆ ಉತ್ತರವಾಗಿ. ಅದು ಅಪಾಯವನ್ನು ವರ್ಣಿಸುವ ಪದವಾಗಿರದೆ, ಅಪಾಯದ ಭಾರವನ್ನು ಹೊರುವವರು ಯಾರೆಂದು ಗೊತ್ತುಪಡಿಸುವ ವ್ಯಾಪಾರಿ ಪದವಾಗಿತ್ತು. ಈ ವ್ಯತ್ಯಾಸವನ್ನು ಅರಿತವರು ರಸೀದಿ, ಬಿಲ್ಲು, ವಿಮಾಪತ್ರಗಳನ್ನು ಓದುವ ಕ್ರಮವೇ ಬದಲಾಗುತ್ತದೆ.

ಜಿನೋವಾದ ದಾಖಲೆ

ಇಟಲಿಯ ಬಂದರು ನಗರವಾದ ಜಿನೋವಾದಲ್ಲಿ 12ನೆಯ ಶತಮಾನದಲ್ಲಿ ಜಿಯೋವಾನಿ ಸ್ಕ್ರೀಬಾ ಎಂಬ ಕರಾರು ಬರಹಗಾರನಿದ್ದನು. 1154ರಿಂದ 1164ರವರೆಗಿನ ವ್ಯವಹಾರಗಳನ್ನು ಒಳಗೊಂಡ ಅವನ ದಾಖಲೆ ಪುಸ್ತಕವು ಯುರೋಪಿನಲ್ಲಿ ಉಳಿದುಬಂದಿರುವ ಇಂತಹ ಪುಸ್ತಕಗಳಲ್ಲೆಲ್ಲ ಅತ್ಯಂತ ಹಳೆಯದು. ಅದರಲ್ಲಿ 1156ರಲ್ಲಿ ಬರೆಯಲಾದ ಸಮುದ್ರಯಾನದ ಕರಾರೊಂದರಲ್ಲಿ ‘ರೆಸಿಕುಂ’ ಎಂಬ ಲ್ಯಾಟಿನ್ ರೂಪದ ಪದ ಕಾಣಿಸುತ್ತದೆ. ಒಬ್ಬನು ಹಣ ತೊಡಗಿಸುತ್ತಾನೆ, ಇನ್ನೊಬ್ಬನು ಆ ಹಣದೊಡನೆ ಹಡಗು ಹತ್ತುತ್ತಾನೆ. ಹಡಗು ಮುಳುಗಿದರೆ ಅಥವಾ ಕಡಲುಗಳ್ಳರು ಸುಲಿದರೆ ಆ ನಷ್ಟ ಯಾರ ಖಾತೆಗೆ ಸೇರಬೇಕೆಂಬುದನ್ನು ಈ ಪದ ನಿರ್ಣಯಿಸುತ್ತಿತ್ತು. ಪದದ ಹಿಂದೆ ‘ನಿನ್ನ’ ಅಥವಾ ‘ನನ್ನ’ ಎಂಬ ಸರ್ವನಾಮ ಬರುತ್ತಿದ್ದುದೇ ಅದರ ಸ್ವರೂಪವನ್ನು ಸ್ಪಷ್ಟಪಡಿಸುತ್ತದೆ. ಒಡೆಯನಿಲ್ಲದ ‘ರಿಸ್ಕ್’ ಎಂಬುದು ಆ ಕರಾರುಗಳಲ್ಲಿ ಇರಲೇ ಇಲ್ಲ.

ಮುಂದಿನ ಇಟಾಲಿಯನ್ ಕರಾರುಗಳಲ್ಲಿ ಈ ಹೊಣೆಯನ್ನು ಮೂರು ಬಗೆಯಾಗಿ ವಿಂಗಡಿಸುವ ವಾಡಿಕೆ ಬೆಳೆಯಿತು: ದೇವರಿಂದ ಬರುವುದು, ಸಮುದ್ರದಿಂದ ಬರುವುದು, ಮನುಷ್ಯರಿಂದ ಬರುವುದು. ಇಂದಿನ ವಿಮಾಪತ್ರಗಳಲ್ಲಿ ಕಾಣುವ ಪ್ರಕೃತಿ ವಿಕೋಪ, ಸಾಗಣೆಯ ಅವಘಡ, ಕಳ್ಳತನ ಹಾಗೂ ಗಲಭೆ ಎಂಬ ವಿಂಗಡಣೆಯು ಇದಕ್ಕೆ ಬಹಳ ಸಮೀಪವಾಗಿದೆ. 14ನೆಯ ಶತಮಾನದ ಮಧ್ಯಭಾಗಕ್ಕೆ ಸಾಲವನ್ನೂ ಹೊಣೆಯನ್ನೂ ಬೇರ್ಪಡಿಸಿ, ಹೊಣೆಯನ್ನಷ್ಟೇ ಬೆಲೆಗೆ ಮಾರುವ ಪದ್ಧತಿ ರೂಢಿಗೆ ಬಂದಿತು. ವಿಮಾ ಕರಾರು ಹುಟ್ಟಿದ್ದು ಹೀಗೆ. ಉಳಿದುಬಂದಿರುವ ಮೊದಲ ವಿಮಾ ಕರಾರುಗಳಲ್ಲಿ ಒಂದು 1347ರ ಜಿನೋವಾದ್ದು.

ಇಟಾಲಿಯನ್ನಿನಿಂದ ಫ್ರೆಂಚಿಗೆ ‘ರಿಸ್ಕ್’ ಎಂಬ ಉಚ್ಚಾರಣೆಯಲ್ಲಿ ಹೋದ ಪದವು 17ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಿತು. ಥಾಮಸ್ ಬ್ಲೌಂಟ್ 1661ರ ತನ್ನ ಕಠಿಣ ಪದಗಳ ಕೋಶದ ಆವೃತ್ತಿಯಲ್ಲಿ ಇದನ್ನು ಫ್ರೆಂಚ್ ಕಾಗುಣಿತದಲ್ಲೇ ಸೇರಿಸಿದನು. ಅಂದರೆ ಆ ಕಾಲದ ಇಂಗ್ಲಿಷ್ ಓದುಗನಿಗೆ ಇದು ಇನ್ನೂ ವಿವರಣೆ ಬೇಡುವ ಪರಕೀಯ ಪದವಾಗಿತ್ತು. ಲಂಡನ್ನಿನ ಎಡ್ವರ್ಡ್ ಲಾಯ್ಡ್‌ನ ಕಾಫಿ ಅಂಗಡಿಯಲ್ಲಿ ಹಡಗಿನ ಮಾಲೀಕರೂ ವಿಮೆ ಬರೆಯುವವರೂ ಕಲೆಯತೊಡಗಿದ್ದು ಅದೇ ಶತಮಾನದ ಕೊನೆಯ ಭಾಗದಲ್ಲಿ. ಪದವು ಇಂಗ್ಲಿಷಿನಲ್ಲಿ ಬೇರೂರಿದ್ದೂ ವ್ಯಾಪಾರಿಗಳ ನಡುವೆಯೇ.

ಮೂಲದ ಬಗ್ಗೆ ಮೂರು ವಾದಗಳು

ಇಟಾಲಿಯನ್ನರು ಈ ಪದವನ್ನು ಎಲ್ಲಿಂದ ಪಡೆದರೆಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮೊದಲನೆಯ ವಾದದ ಪ್ರಕಾರ ಇದರ ಮೂಲ ‘ಕತ್ತರಿಸು’ ಎಂಬರ್ಥದ ಲ್ಯಾಟಿನ್ ಧಾತು. ಸಮುದ್ರದಿಂದ ಕಡಿದಾಗಿ ಎದ್ದು ನಿಂತ ಬಂಡೆಗೆ ಆ ಧಾತುವಿನಿಂದ ಹೆಸರು ಬಂದು, ಹಡಗಿಗೆ ಬಂಡೆಯೇ ಆಪತ್ತಾದ್ದರಿಂದ ಅರ್ಥ ವಿಸ್ತಾರವಾಯಿತೆಂದು ಹೇಳುತ್ತಾರೆ. ಸ್ಪ್ಯಾನಿಷ್ ಭಾಷೆಯಲ್ಲಿ ‘ರಿಸ್ಕೋ’ ಎಂದರೆ ಇಂದಿಗೂ ಕಡಿದಾದ ಬಂಡೆ. ಎರಡನೆಯ ವಾದವು ‘ಬೇರು’, ‘ಬೆಟ್ಟದ ಬುಡ’ ಎಂಬರ್ಥದ ಗ್ರೀಕ್ ಪದವನ್ನು ಮೂಲವೆಂದು ಸೂಚಿಸುತ್ತದೆ.

ಮೂರನೆಯ ವಾದವು ಭಾರತದ ಓದುಗರಿಗೆ ಹೆಚ್ಚು ಹತ್ತಿರವಾದುದು. ಅರಬ್ಬಿ ಭಾಷೆಯಲ್ಲಿ ‘ರಿಜ್ಕ್’ ಎಂದರೆ ದೇವರು ದಯಪಾಲಿಸಿದ ಜೀವನೋಪಾಯ, ಒಬ್ಬನ ಪಾಲಿಗೆ ಬಂದದ್ದು. ಮೆಡಿಟರೇನಿಯನ್ ಸಮುದ್ರದಲ್ಲಿ ಅರಬ್ಬರೊಡನೆ ವ್ಯಾಪಾರ ಮಾಡುತ್ತಿದ್ದ ಇಟಾಲಿಯನ್ನರು ಈ ಪದವನ್ನು ಎತ್ತಿಕೊಂಡರೆಂಬುದು ಈ ವಾದದ ಸಾರ. ಅರಬ್ಬಿಗೂ ಈ ಪದ ಪಹ್ಲವಿ ಭಾಷೆಯ ‘ರೋಜೀಗ್’ ಎಂಬುದರಿಂದ ಬಂದಿತೆಂದು ಭಾಷಾಶಾಸ್ತ್ರಜ್ಞರು ಗುರುತಿಸಿದ್ದಾರೆ. ಅದರ ಅರ್ಥ ದಿನದ ಅನ್ನ. ‘ರೋಜ್’ ಎಂದರೆ ದಿನ. ರಂಜಾನ್ ತಿಂಗಳ ಉಪವಾಸಕ್ಕೆ ಹೇಳುವ ‘ರೋಜಾ’ ಆ ಮೂಲದ್ದೇ. ‘ರೋಜಗಾರ’ವೂ ಅದೇ ಕುಟುಂಬಕ್ಕೆ ಸೇರಿದೆ. 1993ರಲ್ಲಿ ಆರಂಭವಾಗಿ 2008ರಲ್ಲಿ ಬೇರೊಂದು ಯೋಜನೆಯಲ್ಲಿ ವಿಲೀನಗೊಂಡ ‘ಪ್ರಧಾನಮಂತ್ರಿ ರೋಜಗಾರ ಯೋಜನೆ’ಯಿಂದ ಸಾಲ ಪಡೆದ ಸಣ್ಣ ಉದ್ಯಮಿಗಳಿಗೆ ಆ ಪದದ ಪರಿಚಯ ಚೆನ್ನಾಗಿದೆ. ಮೂರನೆಯ ವಾದ ಸರಿಯಾದರೆ ‘ರಿಸ್ಕ್’ ಮತ್ತು ‘ರೋಜಗಾರ’ ಒಂದೇ ಮನೆತನದ ಪದಗಳು. ನಷ್ಟದ ಶಂಕೆಯೂ ದಿನದ ಅನ್ನವೂ ಒಂದೇ ಬೇರಿನಿಂದ ಬಂದವೆಂದರೆ ಯಾವ ವರ್ತಕನಿಗೂ ಆಶ್ಚರ್ಯವಾಗಲಾರದು.

ನೆರೆಯ ಪದಗಳು

ಇಂಗ್ಲಿಷಿನಲ್ಲಿ ಇದೇ ಅರ್ಥದ ಸುತ್ತ ಇರುವ ಇತರ ಪದಗಳಿಗೂ ಬೇರೆ ಬೇರೆ ಹಿನ್ನೆಲೆಗಳಿವೆ. ‘ಡೇಂಜರ್’ ಎಂಬುದು ಒಡೆಯ ಎಂಬರ್ಥದ ಲ್ಯಾಟಿನ್ ಪದದಿಂದ ಬಂದಿದೆ. ಹಿಂದೆ ಅದರ ಅರ್ಥ ಒಡೆಯನ ಅಧಿಕಾರಕ್ಕೆ ಸಿಲುಕಿರುವುದು ಎಂದಾಗಿತ್ತು. ‘ಹಜಾರ್ಡ್’ ಎಂಬುದು ಮೊದಲು ಒಂದು ದಾಳದಾಟದ ಹೆಸರು. ದಾಳಕ್ಕೆ ಅರಬ್ಬಿಯಲ್ಲಿರುವ ಹೆಸರಿನಿಂದ ಅದು ಬಂದಿತೆಂದು ಅನೇಕರು ಹೇಳುತ್ತಾರೆ. ಜೂಜುಗಾರನು ಇಲ್ಲದ ಆಪತ್ತನ್ನು ಪಣ ಒಡ್ಡಿ ತಾನೇ ಸೃಷ್ಟಿಸಿಕೊಳ್ಳುತ್ತಾನೆ. ವರ್ತಕನು ಸರಕು ಸಾಗಿಸುವ ಕೆಲಸದಲ್ಲಿ ಮೊದಲೇ ಇರುವ ಆಪತ್ತನ್ನು ಹೊರುತ್ತಾನೆ. ಭಾರತೀಯ ಕರಾರು ಕಾಯಿದೆ, 1872ರ 30ನೆಯ ಕಲಮು ಬಾಜಿಯ ಒಪ್ಪಂದಗಳನ್ನು ಅನೂರ್ಜಿತವೆಂದು ಸಾರುತ್ತದೆ. ವಿಮಾ ಕರಾರನ್ನು ಕಾನೂನು ಮಾನ್ಯ ಮಾಡುತ್ತದೆ. ಎರಡರಲ್ಲೂ ಹಣ ಸಂದಾಯವಾಗುವುದು ಅನಿಶ್ಚಿತ ಘಟನೆಯ ಮೇಲೆಯೇ. ಆದರೆ ವಿಮೆ ಮಾಡಿಸಿದವನಿಗೆ ಸರಕಿನಲ್ಲಿ ನಿಜವಾದ ಹಿತಾಸಕ್ತಿ ಇರಬೇಕು; ಬಾಜಿ ಕಟ್ಟಿದವನಿಗೆ ಅದಿಲ್ಲ.

ಲೆಕ್ಕಪತ್ರದವರು ದಿನವೂ ಬಳಸುವ ‘ಆವರೇಜ್’ ಎಂಬ ಪದವೂ ಇದೇ ಬಂದರುಗಳಿಂದ ಬಂದದ್ದು. ಕೆಟ್ಟುಹೋದ ಸರಕಿಗೆ ಅರಬ್ಬಿಯಲ್ಲಿದ್ದ ಪದ ಇಟಲಿಯಲ್ಲಿ ‘ಅವಾರಿಯ’ ಆಯಿತು. ಬಿರುಗಾಳಿಯಲ್ಲಿ ಹಡಗನ್ನು ಹಗುರಗೊಳಿಸಲು ಕೆಲವರ ಸರಕನ್ನು ಕಡಲಿಗೆ ಎಸೆದರೆ, ಉಳಿದವರೆಲ್ಲರೂ ತಮ್ಮ ಸರಕಿನ ಮೌಲ್ಯಕ್ಕೆ ಅನುಗುಣವಾಗಿ ಆ ನಷ್ಟವನ್ನು ಹಂಚಿಕೊಳ್ಳಬೇಕೆಂಬುದು ಪ್ರಾಚೀನ ನೌಕಾ ನಿಯಮ. ಹೀಗೆ ಹಂಚಿದ ಪಾಲೇ ಮುಂದೆ ‘ಸರಾಸರಿ’ ಎಂಬ ಅರ್ಥಕ್ಕೆ ತಿರುಗಿತು. ನಿಯಮವು ಇಂದಿಗೂ ಜೀವಂತವಾಗಿದೆ. 2021ರ ಮಾರ್ಚಿನಲ್ಲಿ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಲುಕಿದ ‘ಎವರ್ ಗಿವನ್’ ನೌಕೆಯ ಮಾಲೀಕರು ‘ಜನರಲ್ ಆವರೇಜ್’ ಘೋಷಿಸಿದರು. ತಮ್ಮ ಪೆಟ್ಟಿಗೆಗೆ ಯಾವ ಹಾನಿಯೂ ಆಗದ ಸರಕಿನ ಒಡೆಯರು ಕೂಡ ಪಾಲು ಕೊಡುವ ಭರವಸೆ ನೀಡಬೇಕಾಯಿತು. ಇಳಕಲ್ಲಿನ ಕೆಂಪು ಗ್ರಾನೈಟ್ ಹಡಗೇರಿ ಹೊರದೇಶಕ್ಕೆ ಹೋಗುವಾಗ ಅನ್ವಯಿಸುವುದೂ ಇದೇ ನಿಯಮ.

ಪದವಿಲ್ಲದೆ ವಿಷಯವನ್ನರಿತ ಐಹೊಳೆ

ಇಳಕಲ್ಲಿನಿಂದ ದೂರವಲ್ಲದ, ಮಲಪ್ರಭೆಯ ದಡದ ಐಹೊಳೆಯನ್ನು ಪ್ರವಾಸಿಗರು ದೇವಾಲಯಗಳಿಗಾಗಿ ನೋಡುತ್ತಾರೆ. ಮೇಗುತಿಯಲ್ಲಿರುವ, ರವಿಕೀರ್ತಿ ರಚಿಸಿದ 634ರ ಶಾಸನವು ಎರಡನೆಯ ಪುಲಕೇಶಿಯ ಕಾರಣ ಪ್ರಸಿದ್ಧವಾಗಿದೆ. ವರ್ತಕ ಸಮುದಾಯಕ್ಕೆ ಇದಕ್ಕಿಂತಲೂ ಮುಖ್ಯವಾದ ಸಂಗತಿ ಇನ್ನೊಂದಿದೆ. ಈ ಊರಿನ ಹೆಸರನ್ನೇ ಹೊತ್ತ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘವು ಹಲವು ಶತಮಾನಗಳ ಕಾಲ ದಕ್ಷಿಣ ಭಾರತದ ದೂರವ್ಯಾಪಾರದಲ್ಲಿ ಅಗ್ರಸ್ಥಾನದಲ್ಲಿತ್ತು.

ಈ ವರ್ತಕರು ತಮ್ಮ ಧರ್ಮವನ್ನು ‘ವೀರಬಣಂಜು ಧರ್ಮ’ವೆಂದು ಕರೆದುಕೊಂಡರು. ಶಿಕಾರಿಪುರದ 11ನೆಯ ಶತಮಾನದ ಶಾಸನವೊಂದು ಅವರ ವಹಿವಾಟನ್ನು ವಿಸ್ತಾರವಾಗಿ ವರ್ಣಿಸುತ್ತದೆ. ಚೇರ, ಚೋಳ, ಪಾಂಡ್ಯ, ಮಗಧ, ಸೌರಾಷ್ಟ್ರ, ನೇಪಾಳ ಮೊದಲಾದ ನಾಡುಗಳಿಗೆ ನೆಲದ ದಾರಿಯಿಂದಲೂ ಜಲದ ದಾರಿಯಿಂದಲೂ ಹೋದವರು, ಆನೆ, ಕುದುರೆ, ಮುತ್ತು, ರತ್ನ, ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕೇಸರಿಗಳನ್ನು ಸಗಟಾಗಿ ಮಾರಿದವರು, ಹೆಗಲ ಮೇಲೆ ಹೊತ್ತು ಚಿಲ್ಲರೆಯಾಗಿಯೂ ಮಾರಿದವರು ಎಂದು ಅದರಲ್ಲಿದೆ. ಸುಂಕದಿಂದಾಗುವ ನಷ್ಟವನ್ನು ತಡೆಯುವವರೆಂಬ ವಿಶೇಷಣವೂ ಅಲ್ಲಿದೆ ಎಂಬುದು ಗಮನಾರ್ಹ. ಸುಮಾತ್ರಾ ದ್ವೀಪದ ಬರೂಸ್ ಬಳಿಯ ಲೋಬು ತುವಾದಲ್ಲಿ ದೊರೆತ 1088ರ ತಮಿಳು ಶಾಸನವು ಐನೂರ್ವರ ಹೆಸರನ್ನು ಹೇಳುತ್ತದೆ. ಬರೂಸ್ ಕರ್ಪೂರಕ್ಕೆ ಹೆಸರಾದ ಬಂದರು. ಶ್ರೀಲಂಕೆಯಲ್ಲಿಯೂ ಈ ಸಂಘದ ಶಾಸನಗಳಿವೆ.

ಇದು ಐಹೊಳೆಯಲ್ಲಿ ಕೇಂದ್ರ ಕಚೇರಿಯಿದ್ದ ಒಂದೇ ಕಂಪನಿಯಾಗಿತ್ತೆಂದು ಭಾವಿಸುವುದು ಸರಿಯಲ್ಲ. ನಾನಾ ಊರುಗಳ, ನಾನಾ ಭಾಷೆಗಳ ವರ್ತಕರು ಒಂದೇ ಹೆಸರು, ಒಂದೇ ಪ್ರಶಸ್ತಿ, ಒಂದೇ ನಡವಳಿಕೆಯ ಕಟ್ಟಿಗೆ ಒಳಪಟ್ಟಿದ್ದ ಒಕ್ಕೂಟವೆಂದು ಅದನ್ನು ತಿಳಿಯುವುದು ಹೆಚ್ಚು ಸೂಕ್ತ. ಈ ಕಟ್ಟೇ ಅವರ ಬಂಡವಾಳವಾಗಿತ್ತು. ಅಪರಿಚಿತ ಊರಿನಲ್ಲಿ ಅಯ್ಯಾವೊಳೆಯ ಹೆಸರು ಹೇಳಿದ ವರ್ತಕನ ಹಿಂದೆ ಒಂದು ಸಮೂಹವಿತ್ತು. ದಾರಿಯ ರಕ್ಷಣೆಗೆ ಆಯುಧಪಾಣಿಗಳಿದ್ದರು. ತಮಿಳು ನಾಡಿನ ಶಾಸನಗಳು ‘ಎರಿವೀರಪಟ್ಟಣ’ಗಳೆಂಬ ಸಂರಕ್ಷಿತ ವರ್ತಕ ಕೇಂದ್ರಗಳನ್ನು ಹೆಸರಿಸುತ್ತವೆ. ಸಂಘದವರು ಸೇರಿ ಸರಕಿನ ಹೇರಿಗೆ ಇಂತಿಷ್ಟೆಂದು ತಮಗೆ ತಾವೇ ತೆರಿಗೆ ಹಾಕಿಕೊಂಡು ದೇವಾಲಯಗಳಿಗೆ ಕೊಟ್ಟ ದಾಖಲೆಗಳೂ ಅನೇಕ ಇವೆ.

ಇದನ್ನು ವಿಮೆಯೆಂದು ಕರೆಯಲಾಗದು. ಕಳೆದುಹೋದ ಸರಕಿಗೆ ಪರಿಹಾರ ಕೊಡುವ ಕರಾರು ಇಲ್ಲಿ ಕಾಣುವುದಿಲ್ಲ. ಆದರೆ ಒಬ್ಬನೇ ಹೊರಲಾರದ ಭಾರವನ್ನು ಹಲವರು ಕೂಡಿ ಹಗುರಗೊಳಿಸುವ ಪದ್ಧತಿ ಇದೆ. ಒಂಟಿಯಾಗಿ ಘಟ್ಟ ಇಳಿಯುವುದಕ್ಕೂ ಕಾವಲಿನೊಡನೆ ತಂಡವಾಗಿ ಇಳಿಯುವುದಕ್ಕೂ ಇರುವ ವ್ಯತ್ಯಾಸವನ್ನು ಅವರು ಬಲ್ಲವರಾಗಿದ್ದರು.

ಕಲ್ಯಾಣದಲ್ಲಿ ಬರೆದ ವಿವರಣೆ

ಐನೂರ್ವರ ವ್ಯಾಪಾರ ಉಚ್ಛ್ರಾಯದಲ್ಲಿದ್ದ ಕಾಲದಲ್ಲೇ, ಕಲ್ಯಾಣ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಹಿಂದೂ ಉತ್ತರಾಧಿಕಾರ ನಿಯಮಗಳಿಗಾಗಿ ವಕೀಲರು ಇದನ್ನು ಇಂದಿಗೂ ಸ್ಮರಿಸುತ್ತಾರೆ. ವರ್ತಕರು ನೋಡಬೇಕಾದದ್ದು ಅದರ ಸಾಲದ ಪ್ರಕರಣವನ್ನು.

ಮೂಲಗ್ರಂಥವಾದ ಯಾಜ್ಞವಲ್ಕ್ಯ ಸ್ಮೃತಿಯು ಬಡ್ಡಿಯನ್ನು ಹಂತಹಂತವಾಗಿ ಗೊತ್ತುಪಡಿಸುತ್ತದೆ. ಒತ್ತೆಯಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲಿ ಒಂದು ಪಾಲು, ಅಂದರೆ ಶೇ. 1.25. ಕಾಡಿನ ದಾರಿಯಲ್ಲಿ ವ್ಯಾಪಾರಕ್ಕೆ ಹೋಗುವವರಿಗೆ ಶೇ. 10. ಸಮುದ್ರಯಾನ ಮಾಡುವವರಿಗೆ ಶೇ. 20. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಕಾಡಿಗೆ ಹತ್ತು, ಕಡಲಿಗೆ ಇಪ್ಪತ್ತು ಎಂಬ ಅಂಕಿಗಳೇ ಇವೆ. ಒತ್ತೆಯಿಟ್ಟ ಸಾಲಕ್ಕೂ ಕಡಲ ಸಾಲಕ್ಕೂ ಇರುವ ಅಂತರ ಹದಿನಾರು ಪಟ್ಟು!

ಇಷ್ಟು ಅಂತರವೇಕೆ? ವಿಜ್ಞಾನೇಶ್ವರನ ವಿವರಣೆಯು ಇಂದಿನ ಬ್ಯಾಂಕ್ ಅಧಿಕಾರಿಯ ಟಿಪ್ಪಣಿಯಷ್ಟು ನೇರವಾಗಿದೆ. ಹೆಚ್ಚು ಲಾಭದ ಆಸೆಯಿಂದ ಇವರು ಪ್ರಾಣಕ್ಕೂ ಧನಕ್ಕೂ ನಾಶದ ಶಂಕೆಯಿರುವ ಸ್ಥಳಗಳನ್ನು ಹೊಗುತ್ತಾರೆ. ಸಾಲ ಕೊಟ್ಟವನಿಗೆ ಮೂಲಧನವೇ ನಾಶವಾಗುವ ಶಂಕೆಯಿರುವುದರಿಂದ ಅಧಿಕ ಬಡ್ಡಿ ನ್ಯಾಯವಾದುದು ಎಂಬುದು ಅವನ ಮಾತಿನ ತಾತ್ಪರ್ಯ. ‘ರಿಸ್ಕ್ ಪ್ರೀಮಿಯಂ’ ಎಂದು ಇಂದು ಹೇಳುವುದು ಇದನ್ನೇ. ಜಿನೋವಾದ 1156ರ ಕರಾರಿಗೂ ಮುಂಚೆ, ‘ರಿಸ್ಕ್’ ಎಂಬ ಪದದ ನೆರವಿಲ್ಲದೆ, ಕರ್ನಾಟಕದ ನೆಲದಲ್ಲಿ ಅದರ ತರ್ಕವನ್ನು ಬರೆದಿಡಲಾಗಿತ್ತು.

ಪಾಲುದಾರಿಕೆಯ ವಿಷಯದಲ್ಲಿಯೂ ಅದೇ ಸ್ಮೃತಿ ಸ್ಪಷ್ಟವಾಗಿದೆ. ಕೂಡಿ ವ್ಯಾಪಾರ ಮಾಡುವವರು ತೊಡಗಿಸಿದ ಧನಕ್ಕೆ ತಕ್ಕಂತೆ ಅಥವಾ ಮೊದಲೇ ಮಾಡಿಕೊಂಡ ಒಪ್ಪಂದದಂತೆ ಲಾಭನಷ್ಟಗಳನ್ನು ಹಂಚಿಕೊಳ್ಳಬೇಕು. ಉಳಿದವರು ಬೇಡವೆಂದರೂ ಮಾಡಿ ಅಥವಾ ಅಜಾಗರೂಕತೆಯಿಂದ ನಷ್ಟ ತಂದವನು ಅದನ್ನು ತಾನೇ ತುಂಬಿಕೊಡಬೇಕು. ಆಪತ್ತಿನಲ್ಲಿ ಸರಕನ್ನು ಕಾಪಾಡಿದವನಿಗೆ ಹತ್ತನೆಯ ಒಂದು ಪಾಲು ಸಲ್ಲಬೇಕು. ಪ್ರತಿಯೊಂದು ನಿಯಮವೂ ಉತ್ತರಿಸುವುದು ‘ಯಾರದು?’ ಎಂಬ ಪ್ರಶ್ನೆಗೇ.

ಕನ್ನಡದ ‘ಹೊಣೆ’

ಹೀಗಿರುವಾಗ ‘ರಿಸ್ಕ್’ ಪದಕ್ಕೆ ಕನ್ನಡದಲ್ಲಿ ಸರಿಯಾದ ಸಂವಾದಿ ಯಾವುದು? ‘ಅಪಾಯ’, ‘ಗಂಡಾಂತರ’ ಎಂಬ ಪದಗಳು ಆಪತ್ತನ್ನು ಹೇಳುತ್ತವೆಯೇ ಹೊರತು ಅದು ಯಾರ ಪಾಲಿನದೆಂದು ಹೇಳುವುದಿಲ್ಲ. ‘ವಿಮೆ’ ಎಂಬುದು ಮರಾಠಿಯ ಮೂಲಕ ಬಂದ ಪದ. ಪಾರಸಿಯಲ್ಲಿ ‘ಭಯ’ ಎಂಬರ್ಥವಿರುವ ‘ಬೀಮ್’ ಪದದೊಡನೆ ಅದನ್ನು ಜೋಡಿಸುತ್ತಾರೆ. ‘ಜವಾಬ್ದಾರ’ ಎಂಬುದೂ ಪಾರಸಿಯದೇ. ಉತ್ತರ ಕೊಡಬೇಕಾದವನು ಎಂದು ಅದರ ಅರ್ಥ. ಹಳೆಗನ್ನಡದಲ್ಲಿ ‘ಪೊಣೆ’ ಎಂದಿದ್ದ, ಇಂದು ‘ಹೊಣೆ’ ಎಂದು ಬಳಸುವ ಅಚ್ಚಗನ್ನಡ ಪದವೇ ಜಿನೋವಾದ ‘ರೆಸಿಕುಂ’ಗೆ ಅತಿ ಸಮೀಪವಾದುದು. ಇದರ ಸೋದರ ಪದವಾದ ತಮಿಳಿನ ‘ಪುಣೈ’ಗೆ ಜಾಮೀನು ಎಂಬ ಅರ್ಥದೊಡನೆ ತೆಪ್ಪ ಎಂಬ ಅರ್ಥವೂ ಇದೆ. ‘ಓನರ್ಸ್ ರಿಸ್ಕ್’ ಎಂಬುದನ್ನು ‘ಮಾಲೀಕರ ಅಪಾಯ’ ಎಂದರೆ ಅರ್ಥವಾಗದು. ‘ಮಾಲೀಕರ ಹೊಣೆ’ ಎಂದರೆ ಯಾರಿಗಾದರೂ ತಿಳಿಯುತ್ತದೆ.

ಭಾರತದ ಹುಂಡಿ ವ್ಯವಹಾರದಲ್ಲಿ ‘ಜೋಖ್ಮಿ ಹುಂಡಿ’ ಎಂಬ ಒಂದು ಬಗೆ ಇತ್ತು. ಸರಕು ಸುರಕ್ಷಿತವಾಗಿ ತಲುಪಿದರೆ ಮಾತ್ರ ಅದರ ಹಣ ಸಂದಾಯವಾಗಬೇಕು. ಸರಕು ದಾರಿಯಲ್ಲಿ ನಾಶವಾದರೆ ಹುಂಡಿಯೂ ಮುಗಿಯಿತು. ಸಾಲಪತ್ರವೂ ವಿಮಾಪತ್ರವೂ ಒಂದೇ ಕಾಗದದಲ್ಲಿದ್ದ ಈ ಪದ್ಧತಿಯು ಜಿನೋವಾದ ಕಡಲ ಸಾಲಕ್ಕೆ ಸಮಾನವಾದುದು.

ಇಂದಿನ ಕಾಯಿದೆ ಏನು ಹೇಳುತ್ತದೆ?

ಪದದ ಹಳೆಯ ಅರ್ಥ ಇಂದಿನ ಕಾಯಿದೆಗಳಲ್ಲಿ ಹಾಗೆಯೇ ಉಳಿದಿದೆ. ವರ್ತಕರೂ ಸಣ್ಣ ಕೈಗಾರಿಕೋದ್ಯಮಿಗಳೂ ಈ ಕೆಳಗಿನ ಅಂಶಗಳನ್ನು ಗಮನಿಸುವುದು ಹಿತಕರ.

1. ಸರಕು ಮಾರಾಟ ಕಾಯಿದೆ, 1930ರ 26ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಸರಕಿನ ಹೊಣೆಯು ಸ್ವಾಮ್ಯವನ್ನು ಹಿಂಬಾಲಿಸುತ್ತದೆ. ಸ್ವಾಮ್ಯ ವರ್ಗವಾಗುವವರೆಗೆ ಹೊಣೆ ಮಾರುವವರದು. ವರ್ಗವಾದ ಮೇಲೆ, ಸರಕು ಕೈಸೇರಿರಲಿ ಇಲ್ಲದಿರಲಿ, ಕೊಂಡವರದು. 39ನೆಯ ಕಲಮಿನ ಪ್ರಕಾರ ಸಾಗಣೆದಾರರಿಗೆ ಸರಕು ಒಪ್ಪಿಸುವುದನ್ನು ಸಾಮಾನ್ಯವಾಗಿ ಖರೀದಿದಾರರಿಗೇ ಒಪ್ಪಿಸಿದಂತೆ ಭಾವಿಸಲಾಗುತ್ತದೆ. ಆದ್ದರಿಂದ ‘ಮಾಲು ಇನ್ನೂ ಬಂದಿಲ್ಲ, ಹಣ ಕೊಡುವುದಿಲ್ಲ’ ಎಂಬ ವಾದ ಎಲ್ಲ ಸಂದರ್ಭಗಳಲ್ಲೂ ನಿಲ್ಲುವುದಿಲ್ಲ. ಹೊಣೆ ಯಾವ ಸ್ಥಳದಲ್ಲಿ ವರ್ಗವಾಗುತ್ತದೆಂದು ಆರ್ಡರಿನಲ್ಲೇ ಒಂದು ಸಾಲು ಬರೆಯುವುದು ಕ್ಷೇಮ.

2. 1865ರ ಹಳೆಯ ಕಾಯಿದೆಯ ಬದಲಿಗೆ ಬಂದ ರಸ್ತೆ ಸಾಗಣೆ ಕಾಯಿದೆ, 2007ರಲ್ಲಿ ಸಾಗಣೆದಾರರ ಪರಿಹಾರದ ಹೊಣೆಗೆ ಮಿತಿಯಿದೆ. ಸರಕು ಕಳುಹಿಸುವವರು ಹೆಚ್ಚಿನ ಹೊಣೆಯ ದರವನ್ನು ಕೊಡಲು ಒಪ್ಪಿದ್ದರೆ ಆ ಮಿತಿ ಬದಲಾಗುತ್ತದೆ. ಸರಕು ಹಾಳಾದರೆ ಅಥವಾ ಕಳೆದುಹೋದರೆ ಬುಕ್ಕಿಂಗ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ಕೊಡದಿದ್ದರೆ ದಾವೆ ಹೂಡುವ ಹಕ್ಕೇ ಹೋಗುತ್ತದೆ.

3. ರೈಲ್ವೆ ಕಾಯಿದೆ, 1989ರ 97ನೆಯ ಕಲಮು ‘ಮಾಲೀಕರ ಹೊಣೆಯ ದರ’ದಲ್ಲಿ ಸಾಗಿಸಿದ ಸರಕನ್ನು ಕುರಿತದ್ದು. ಕಡಿಮೆ ದರಕ್ಕೆ ಪ್ರತಿಯಾಗಿ ಒಡೆಯನು ಹೊಣೆ ಹೊರುತ್ತಾನೆ. ಅಲ್ಲಿ ಉಳಿಸಿದ ಹಣವು ರಿಯಾಯಿತಿಯಲ್ಲ. ತಾನೇ ಹೊತ್ತ ಹೊಣೆಯ ಬೆಲೆ. ಆ ಬೆಲೆ ಸಾಕೇ ಎಂಬುದನ್ನು ವಿಮೆಯ ಪ್ರೀಮಿಯಂನೊಡನೆ ಹೋಲಿಸಿ ನೋಡಬೇಕು.

4. ರಫ್ತು ವ್ಯವಹಾರದಲ್ಲಿ ‘ಇನ್ಕೋಟರ್ಮ್ಸ್ 2020’ರ ‘ಸಿಐಎಫ್’ ಷರತ್ತಿನಡಿ ಬಾಡಿಗೆಯನ್ನೂ ವಿಮೆಯ ಹಣವನ್ನೂ ಮಾರುವವರೇ ಕೊಡುತ್ತಾರೆ. ಆದರೆ ಸರಕು ಹಡಗಿಗೆ ಏರಿದಾಗಲೇ ಹೊಣೆ ಖರೀದಿದಾರರಿಗೆ ವರ್ಗವಾಗುತ್ತದೆ. ಖರ್ಚು ಯಾರದು, ಹೊಣೆ ಯಾರದು ಎಂಬುವು ಎರಡು ಪ್ರತ್ಯೇಕ ಪ್ರಶ್ನೆಗಳು.

ಎಲ್ಲವೂ ಅಳತೆಗೆ ಸಿಗುವುದಿಲ್ಲ

ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ‘ರಿಸ್ಕ್’ ಹಾಗೂ ಅನಿಶ್ಚಿತತೆಗಳನ್ನು ಬೇರ್ಪಡಿಸಿದನು. ಲೆಕ್ಕ ಹಾಕಲು ಬರುವ ಸಂಭವ ಮೊದಲನೆಯದು. ಯಾವ ಲೆಕ್ಕಕ್ಕೂ ಸಿಗದ ಭವಿಷ್ಯ ಎರಡನೆಯದು. ಗೋದಾಮಿಗೆ ಬೆಂಕಿ ಬೀಳುವ ಸಂಭವವನ್ನು ವಿಮಾ ಕಂಪನಿ ಲೆಕ್ಕ ಹಾಕಿ ಬೆಲೆ ಕಟ್ಟಬಲ್ಲದು. ಮುಂದಿನ ದೀಪಾವಳಿಗೆ ಗ್ರಾಹಕರು ಯಾವ ಅಂಚಿನ, ಯಾವ ಸೆರಗಿನ ಸೀರೆಯನ್ನು ಮೆಚ್ಚುವರೆಂಬುದಕ್ಕೆ ವಿಮಾಪತ್ರವಿಲ್ಲ. ನೈಟ್ ಹೇಳುವಂತೆ ಉದ್ಯಮಿಯ ನಿಜವಾದ ಲಾಭ ಹುಟ್ಟುವುದು ಈ ಎರಡನೆಯದನ್ನು ಹೊರುವುದರಿಂದ. ಅಳತೆಗೆ ಸಿಗುವ ಹೊಣೆಯನ್ನು ಇತರರಿಗೆ ವರ್ಗಾಯಿಸಿ, ಅಳತೆಗೆ ಸಿಗದುದಕ್ಕಾಗಿ ತನ್ನ ಬಂಡವಾಳವನ್ನೂ ಬುದ್ಧಿಯನ್ನೂ ಕಾಯ್ದಿರಿಸುವುದು ಜಾಣ ವರ್ತಕನ ಲಕ್ಷಣ.

ಅನೇಕ ಸಣ್ಣ ಸಂಸ್ಥೆಗಳಲ್ಲಿ ಇದು ತಲೆಕೆಳಗಾಗಿರುತ್ತದೆ. ಕೆಲವು ನೂರು ರೂಪಾಯಿಗಳ ಪ್ರೀಮಿಯಂ ಉಳಿಸಲು ಬೆಂಕಿ, ಕಳವು, ಸಾಗಣೆಗಳ ಹೊಣೆಯನ್ನು ಮಾಲೀಕರು ತಾವೇ ಹೊತ್ತಿರುತ್ತಾರೆ; ಅದನ್ನು ಹೊತ್ತಿರುವುದೇ ಅವರಿಗೆ ತಿಳಿದಿರುವುದಿಲ್ಲ. ಯಾವ ಖಾತೆಯ ಪುಸ್ತಕದಲ್ಲಿಯೂ ಅದು ನಮೂದಾಗಿರುವುದಿಲ್ಲ. ಒಂದು ಮಳೆ, ಒಂದು ಶಾರ್ಟ್ ಸರ್ಕ್ಯೂಟ್ ಆದ ದಿನ ಮಾತ್ರ ಅದು ನಷ್ಟದ ಖಾತೆಯಲ್ಲಿ ಕಾಣಿಸಿಕೊಳ್ಳುತ್ತದೆ.

ವರ್ಷಾಂತ್ಯದಲ್ಲಿ ದಾಸ್ತಾನಿನ ಪಟ್ಟಿ ತಯಾರಿಸುವಂತೆ ಹೊಣೆಗಳ ಪಟ್ಟಿಯೊಂದನ್ನೂ ತಯಾರಿಸುವುದು ಉಪಯುಕ್ತ. ಗೋದಾಮಿನಲ್ಲಿರುವುದು, ದಾರಿಯಲ್ಲಿರುವುದು, ನೇಕಾರರ ಅಥವಾ ಜಾಬ್ ವರ್ಕಿನವರ ಬಳಿಯಿರುವುದು, ಉದ್ದರಿ ಕೊಟ್ಟಿರುವುದು ಎಂದು ನಾಲ್ಕು ಸಾಲು ಬರೆದು, ಪ್ರತಿಯೊಂದರ ಎದುರಿಗೆ ‘ಯಾರ ಹೊಣೆ?’ ಎಂಬ ಕಲಮಿನಲ್ಲಿ ಒಂದೊಂದು ಹೆಸರು ತುಂಬಿದರೆ ಸಾಕು. ಜಿನೋವಾದ ಬರಹಗಾರನು 1156ರಲ್ಲಿ ಮಾಡಿದ್ದು ಅಷ್ಟೇ ಕೆಲಸ. ಹೆಸರು ತುಂಬಲಾಗದೆ ಖಾಲಿ ಉಳಿದ ಸಾಲು ಯಾವುದೋ, ವಕೀಲರನ್ನೋ ವಿಮಾ ಪ್ರತಿನಿಧಿಯನ್ನೋ ಮೊದಲು ಕೇಳಬೇಕಾದದ್ದು ಅದನ್ನು ಕುರಿತೇ.